ಗಿರಣಿಯ ಮೇಲಿನ ಕೋಣೆ

ಮತ್ತಿಕೆರೆಯ ಹಿಟ್ಟಿನ ಗಿರಣಿಯ ಮೇಲೆ
ತಿಂಗಳ ಮೂರನೇ ಭಾನುವಾರ
ಹನ್ನೊಂದು ಮಂದಿ, ನಾಲ್ಕೇ ಪ್ರತಿ.
ಉಳಿದ ಮುನ್ನೂರು ನನ್ನ ಮಂಚದ ಕೆಳಗೆ;
ಪ್ರಕಾಶಕ ನಾನು.

ಕೆಳಗೆ ರಾಗಿ ಬೀಸುವಾಗ ನೆಲ ನಡುಗುತ್ತದೆ,
ಓದುತ್ತಿದ್ದ ಸಾಲು ಕೂಡ.
ಕಲ್ಲು ನಿಂತ ಮೇಲೆ ಮತ್ತೆ ಹಿಡಿಯುತ್ತಾರೆ
ಬೆರಳಿಟ್ಟ ಜಾಗದಿಂದ.

ಇವತ್ತು ಲೇಖಕಿಯನ್ನು ಸ್ಕೂಟರಿನ ಹಿಂದೆ ಕೂರಿಸಿ ತಂದಿದ್ದೆ,
ಹೊಗಳುತ್ತಾರೆ, ಹತ್ತಾದರೂ ಖರ್ಚಾಗುತ್ತವೆ ಅಂತ.

ಕಂಡಕ್ಟರ್ ಮುನಿಚೌಡಪ್ಪ
ಟಿಕೆಟ್ ಚೂರು ಗುರುತಿಟ್ಟ ಪುಟ ತೆರೆದರು:
"ಈಯಮ್ಮ ಅಳ್ತಾ ಇಳಿಯೋ ಜಾಗ ಐತಲ್ಲ, ತಾಯಿ,
ಅಲ್ಲಿ ಸ್ಟಾಪೇ ಇಲ್ಲ.
ಆದ್ರೆ ಆವತ್ತು ಡ್ಯೂಟಿ ನಂದಾಗಿದ್ರೆ
ಸೀಟಿ ಹೊಡೀತಿದ್ದೆ."

ಗಿರಣಿ ಓಡುತ್ತಲೇ ಇತ್ತು. ನಮಗೆ ಕೇಳಿಸಲಿಲ್ಲ.
ಆಕೆ ಪೆನ್ನು ಕೇಳಿದಳು,
ಅವರ ಪ್ರತಿಯ ಅಂಚಿನಲ್ಲಿ ಏನೋ ಬರೆದಳು,
ನನಗೆ ತೋರಿಸಲಿಲ್ಲ.

ಮಾರಾಟ: ಒಂದು. ಅದೂ ಸಾಲ,
ಟೈಲರ್ ನಸೀಮಾ ಬಟವಾಡೆಯ ದಿನ ಕೊಡುತ್ತಾಳೆ.

ಮರಳುವಾಗ ಯಶವಂತಪುರದ ಸಿಗ್ನಲ್ಲಿನಲ್ಲಿ
ಹಿಂದಿನ ಸೀಟಿನಿಂದ ದನಿ:
"ಎರಡನೇ ಮುದ್ರಣದಲ್ಲಿ
ಆ ಬಸ್ಸಿಗೊಂದು ಸೀಟಿ ಸೇರಿಸಬೇಕು. ಯಾವಾಗ ತರ್ತೀರಿ?"

ತೋಳಿನ ರಾಗಿಹಿಟ್ಟು ಕೊಡವಿಕೊಂಡೆ.
"ಇನ್ನೂರ ತೊಂಬತ್ತೊಂಬತ್ತು
ಹೋಗಲಿ, ಆಮೇಲೆ."