ದಿಂಬಂ ಇಳಿಯುವಾಗ

ಮಂಗಳವಾರ, ಶುಕ್ರವಾರ
ತಾಳವಾಡಿಯಿಂದ ಸತ್ತಿಗೆ ಡಯಾಲಿಸಿಸ್ ಬಾಡಿಗೆ.
ಹಿಂದಿನ ಸೀಟಿನಲ್ಲಿ ಟೈಲರ್ ಚೆನ್ನಾಜಮ್ಮ,
ಮಡಿಲಲ್ಲಿ ಫೈಲು, ಪುಟ್ಟ ಫ್ಲಾಸ್ಕು,
ಲೆಕ್ಕ ಹಾಕಿ ಕುಡಿಯುವ ಅರ್ಧ ಲೋಟ ನೀರು.
ಮುಂದೆ ನಾನು, ನನ್ನ ಇಂಡಿಕಾ,
ಎಡ ಮುಂಚಕ್ರದ ಹತ್ತಿರ ಎಲ್ಲೋ ಒಂದು ಸದ್ದು:

ತಗಡಿನ ಡಬ್ಬಿಗೆ ಹುಣಸೆಬೀಜ ಹಾಕಿ
ಯಾರದೋ ಮಗು ಆಡಿಸಿದ ಹಾಗೆ
ಕಟಕಟ, ಕಟಕಟ.
ಆಸನೂರಿನ ಆಚೆ ಡಾಂಬರು ಕಿತ್ತ ಕಡೆ
ಅದಕ್ಕೆ ಹಬ್ಬ.

ಹಳೇ ಗಾಡಿ, ಮೂಳೆ ಮಾತಾಡ್ತದೆ ಅಂತ
ಹತ್ತಿದವರಿಗೆಲ್ಲ ಹೇಳಿದೆ.
ನನಗೇ ಹೇಳಿಕೊಳ್ಳಲು ಆಗಲಿಲ್ಲ.
ಇಪ್ಪತ್ತೇಳು ತಿರುವಿನ ಘಾಟಿ. ಯಾವ ತಿರುವಿನಲ್ಲಿ
ಕಬ್ಬಿನ ಲಾರಿಯೋ,
ಕಬ್ಬಿಗೆ ಕಾದು ನಿಂತ ಆನೆಯೋ.

ನಾಗಮಲ್ಲಪ್ಪನ ಶೆಡ್ಡಿಗೆ ಮೂರು ಸಲ ಹೋದೆ.
ಶಾಕ್ ಅಬ್ಸಾರ್ಬರ್ ಎಂದ, ಬದಲಾಯಿಸಿದ.
ಆಮೇಲೆ ಲಿಂಕ್ ರಾಡು, ಬುಷ್ಷು.
ಸೈಲೆನ್ಸರಿನ ತಗಡಿಗೆ ತಂತಿ ಸುತ್ತಿದ.
ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ಡಾಕ್ಟರ ಹಾಗೆ ಕಣ್ಣು ಮುಚ್ಚಿದ.
ನಿಂತ ಗಾಡಿ ಏನು ಹೇಳೀತು?
ನಾಲ್ಕು ಸಾವಿರದ ಇನ್ನೂರು ಎಣಿಸಿಕೊಟ್ಟು ಹೊರಟರೆ
ಪೊಲೀಸ್ ಸ್ಟೇಷನ್ ಮುಂದಿನ ಉಬ್ಬಿನಲ್ಲೇ
ಮತ್ತೆ ಕಟಕಟ,
ಚಿಲ್ಲರೆ ವಾಪಸ್ ಕೊಟ್ಟಂತೆ.

ನಾಲ್ಕನೆಯ ಸಲ, ಸತ್ತಿಯಿಂದ ಬರುತ್ತ, ಸಂಜೆ.
ಸ್ಟೀರಿಂಗ್ ರ‍್ಯಾಕ್ ಇರಬೇಕು, ಎಂದ. ಎಂಟು ಸಾವಿರ.
ಹಿಂದಿನ ಸೀಟಿನಲ್ಲಿ ತೋಳಿನ ಬ್ಯಾಂಡೇಜು ಒತ್ತಿಕೊಂಡು
ಒರಗಿದ್ದ ಚೆನ್ನಾಜಮ್ಮ ಬಾಯಿಬಿಟ್ಟಳು:

"ಓಡುಸ್ತಾ ಬ್ರೇಕ ಸುಮ್ನ ಮುಟ್ಟು.
ತುಳಿಬ್ಯಾಡ, ಮುಟ್ಟು.
ಸದ್ದು ನಿಂತೋಯ್ತದ. ಬುಟ್ರ ಸುರುವಾಯ್ತದ.
ಮಿಶಿನ್ನಲ್ಲೂ ಹಂಗೇಯ, ಬಾಬಿನ್ ಕೇಸು ಸಡ್ಲಾದ್ರ
ಬೆರಳು ಮಡಗುದ್ರ ಸುಮ್ನಾಯ್ತದ."

ನಾಗಮಲ್ಲಪ್ಪ ಕೈ ಒರೆಸುವುದನ್ನು ಮರೆತು ಅವಳನ್ನೇ ನೋಡಿದ.
ಹುರುಳಿ ಒಕ್ಕಲು ಹರಡಿದ ರಸ್ತೆಯಲ್ಲಿ ಒಂದು ಸುತ್ತು:
ಬಿಟ್ಟರೆ ಕಟಕಟ,
ಹೆಬ್ಬೆರಳು ತಾಗಿಸಿದರೆ
ಮೇಷ್ಟ್ರು ಒಳಗೆ ಬಂದ ಕ್ಲಾಸು.

ಚಕ್ರ ಬಿಚ್ಚಿದ. ಕ್ಯಾಲಿಪರಿನೊಳಗೆ ಪ್ಯಾಡು
ಬೀಳಲಿರುವ ಹಾಲುಹಲ್ಲಿನಂತೆ ಅಲ್ಲಾಡಿತು.
ಅದನ್ನು ಹಿಡಿದಿಡುವ ಕ್ಲಿಪ್ಪೇ ಇಲ್ಲ.
ಎರಡು ಬೆರಳಗಲ ಬಾಗಿದ ತಗಡು,
ಹೋದ ವರ್ಷ ಪ್ಯಾಡು ಹಾಕಿದವನು ಹಾಕದೆ ಬಿಟ್ಟದ್ದು.
ಪ್ಯಾಡು ಹಾಕಿದವನು ಅವನೇ. ನಾನೂ ಹೇಳಲಿಲ್ಲ,
ಅವನೂ ಹೇಳಲಿಲ್ಲ.
ಕ್ಲಿಪ್ಪಿನ ಅರವತ್ತು ರೂಪಾಯಿ ಮಾತ್ರ ಮುಟ್ಟಲಿಲ್ಲ.

"ಗೊತ್ತಿದ್ದೂ ಇಷ್ಟು ದಿನ ಯಾಕವ್ವ ಹೇಳ್ನಿಲ್ಲ?"
ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಳು.

ಶುಕ್ರವಾರ. ದಿಂಬಂ ನೆತ್ತಿಯಲ್ಲಿ ಮಂಜು.
ಗಾಡಿ ಎಣ್ಣೆ ಹಚ್ಚಿದ ತಲೆಯಷ್ಟು ನುಣ್ಣಗೆ.
ಒಂದು ತಿರುವು, ಇನ್ನೊಂದು. ಐದಾರು ಇಳಿದಿರಬೇಕು,
ಹಿಂದಿನಿಂದ ಕೇಳಿದಳು: "ಎಷ್ಟನೇದಪ್ಪ ಇದು?"
"ಬೋರ್ಡ್ ಅದಲ್ಲವ್ವ" ಎಂದೆ.
ಎಂದ ಮೇಲೆ ಕನ್ನಡಿಯಲ್ಲಿ ಅವಳ ಕಣ್ಣು ಕಂಡವು,
ಬೋರ್ಡಿನ ಕಡೆಗಲ್ಲ, ಯಾವ ಕಡೆಗೂ ಅಲ್ಲ.

ಸಕ್ಕರೆ ಕಾಯಿಲೆ ಕಿಡ್ನಿಗಿಂತ ಮೊದಲು ಕಣ್ಣು ತಿಂದಿತ್ತು.
ಗೇರಿನಲ್ಲೇ ಘಾಟಿ ಇಳಿಸುವವನು ನಾನು,
ತಿರುವಿಗೆ ಮಾತ್ರ ಬ್ರೇಕು. ಆಗ ಕಟಕಟ ನಿಲ್ಲುತ್ತಿತ್ತು.
ಹಾಗೆ ನಿಂತದ್ದನ್ನು
ಅವಳು ಬೆರಳ ಗೆಣ್ಣಿನಲ್ಲಿ ಎಣಿಸುತ್ತಿದ್ದಳು.
ಇಪ್ಪತ್ತೇಳಾದರೆ ಬಣ್ಣಾರಿ. ಕೈ ಮುಗಿಯಬೇಕು.

ಕ್ಲಿಪ್ಪು ತೆಗೆಸಲಾ ಎಂದು ಬಾಯಿಗೆ ಬಂತು.
ಬ್ರೇಕಿನ ವಿಷಯ. ನುಂಗಿಕೊಂಡೆ.

ಈಗ ನಾನೇ ಕೂಗುತ್ತೇನೆ, ಕಂಡಕ್ಟರನ ಗಂಟಲಲ್ಲಿ:
ಎಂಟು. ಒಂಬತ್ತು. ಹತ್ತು, ನಿಧಾನ, ಹತ್ತು.
ಮೊನ್ನೆ ಒಂದು ಕಡೆ ಲಾರಿ ಅಡ್ಡ ಬಂದು ಬಾಯಿ ಕಟ್ಟಿತು.
"ಹದ್ನಾಲ್ಕ ನುಂಗ್ಬುಟ್ಟಲ್ಲ" ಎಂದಳು.
"ಅದೆಂಗವ್ವ ಗೊತ್ತಾಯ್ತು?"
"ತಿರುವು ಬಂದ್ರ ನೀ ಉಸ್ರ ಹಿಡಿತಿಯ ಕನ."