ಈ ಗಾಡ್ಯಾಗ ನೆಲ ಪ್ಲಸ್

ಅಕ್ಕಲಕೋಟಿ ದಾಟಿದ್ರ ಮೈಂದರಗಿ ರಸ್ತೇಕ
ದಾವಲಸಾಬ ಮಿಸ್ತ್ರಿಯ ಗ್ಯಾರೇಜು.
ಬೋರ್ಡು ಮರಾಠಿ, ಬಿಲ್ಲು ಮರಾಠಿ,
ಪಾನಾ ಜಾರಿ ಬೆರಳು ಜಜ್ಜಿದಾಗಿನ ಬೈಗುಳ ಮಾತ್ರ ಕನ್ನಡ.

ಅಲ್ಲೇ ಬೇವಿನ ನೆರಳಿಗೆ ನಿಂತಿತ್ತು ಡಾಜ್,
ಪಂಡಿತಪ್ಪ ಬಿರಾಜದಾರನ ಮಂಡಪದ ಲಾರಿ.
ಆನಿ ಹಣಿಯಂಥ ಬಾನೆಟ್ಟು, ಒಂದು ಕಣ್ಣಿಗೆ ಗಾಜಿಲ್ಲ.
ಹೊಸಾದು ತಗೋರಿ ಅಂದ್ರ ಅಂತಾನ:
"ಗಿರಾಕಿ ನನ್ನ ಮಾರಿ ಮರೀತಾವ, ಇದರ ಮಾರಿ ಮರೆಯಂಗಿಲ್ಲ.
ಇದು ಓಣ್ಯಾಗ ಬಂತಂದ್ರ ಮದಿವಿ ಅದ ಅಂತ ನಾಯಿಗೂ ಗೊತ್ತು."

ಹಳೇ ಇಂಜಿನ್ ಲೀಟರಿಗೆ ಮೂರು ಕಿಲೋಮೀಟರು, ಅದೂ ಇಳಿಜಾರಿದ್ರ.
ಕಾರ್ಬುರೇಟರ್ ಕಟ್ಟಿಕೊಂಡಾಗೆಲ್ಲ ಮಿಸ್ತ್ರಿ ಜೆಟ್ ಬಿಚ್ಚಿ
ಬಾಯಿಲೆ ಊದತಿದ್ದ, ಹಸಿ ಕಟಗಿಯ ಒಲಿ ಊದಿದಂಗ.
ನಲವತ್ತು ವರ್ಷ. ಅವನಿಗೆ ಚಹಾದಾಗೂ ಪೆಟ್ರೋಲು.
"ಬೀಡಿ ಬಿಡಿಸಿದ್ದು ನಾನಲ್ಲವ್ವಾ," ಅಂತಾಳ ಅವನ ಹೆಂಡತಿ, "ಅಂಜಿಕಿ."

ಬದಲಿ ಇಂಜಿನ್ ಸೊಲ್ಲಾಪುರದ ಭಂಗಾರದೊಳಗ ಸಿಕ್ತು,
ಪಲ್ಟಿ ಹೊಡದ ಇನ್ನೋವಾದ್ದು. ಎದಿ ಗಟ್ಟಿ, ತಲಿ ಇಲ್ಲ:
ವಾಯರಿನ ಜಡಿ ಯಾರೋ ಕತ್ತರಿಸಿ ತಾಮ್ರ ಮಾರಿದ್ದ.
ತಲಿ ಕೂಡಸಲಾಕ ನನ್ನ ಕರದ್ರು.
ನಾನು ಸುಗಲಾ. ಐಟಿಐ, ವಾಯರಮನ್ ಟ್ರೇಡು,
ಸರ್ಟಿಫಿಕೇಟಿನಾಗ ಇವತ್ತಿಗೂ 'ಮನ್'.

ಮೂರು ದಿನ ಚೈನ್ ಪುಲ್ಲಿಯ ಕಿರುಗುಟ್ಟು.
ಹೊಸಾದು ಇಳಿದು ಕೂತಾಗ, ಅಪ್ಪನ ಕೋಟು ಹಾಕ್ಕೊಂಡ ಹುಡುಗನಂಗ
ಸುತ್ತಲೂ ಜಾಗವೇ ಜಾಗ.
ಮೌಂಟು ನಾಲ್ಕು ಬೆರಳು ಹಿಂದ ಬಿತ್ತು, ಚಾನಲ್ ಕೊಯ್ದು ಬೆಸದ್ವಿ.
ಟಾಕಿಯೊಳಗ ಪಂಪು ಇಳಿಸಿದೆ. ಇಂಜೆಕ್ಟರು ನಾಲ್ಕು, ಸಾಲಾಗಿ.
"ಏನವ್ವಾ, ಸೂಜಿ ಮಾಡತೀಯೇನು?"
"ಹೌದು ಕಾಕಾ."
"ಎಷ್ಟು ಡೋಸು ಅಂತ ಯಾರು ನೋಡೋರು?"
"ಪುಣೆದಿಂದ ಬಂದ ಈ ಡಬ್ಬಿ." ಹದಿನೆಂಟು ಸಾವಿರದ್ದು.
ಮಿಸ್ತ್ರಿ ಅದನ್ನ ಕಿವಿಗೆ ಹಿಡದ. "ಏನೂ ಅನ್ನಂಗಿಲ್ಲಲ್ಲ."

ಶುಕ್ರವಾರ, ಅವ ನಮಾಜು ಮುಗಿಸಿ ಬಂದ ಮ್ಯಾಲ ಚಾವಿ ತಿರುವಿದೆ.
ಟಿಕ್.
ಆಮ್ಯಾಲ ಒಂದು ಎಳಿ ಹೊಗಿ. ಸುಟ್ಟ ರೊಕ್ಕದ ವಾಸನಿ.

ಸೀಟಿನ ಕೆಳಗ ಕಟಗಿ ಪೆಟ್ಟಿಗಿ, ಪೆಟ್ಟಿಗ್ಯಾಗ ಬ್ಯಾಟರಿ,
ಎರಡು ಕೇಬಲ್ಲು, ಎರಡಕ್ಕೂ ಕರಿ ಟೇಪು, ಕರಿ ಗ್ರೀಸು.
ಉಗುರಿಲೆ ಕೆರದು ನೋಡಿದೆ. ಚಾಸಿಗೆ ಬಿಗಿದಿದ್ದು
ಪ್ಲಸ್.

"ಹೌದಲ," ಅಂದ ಮಿಸ್ತ್ರಿ, ತಣ್ಣಗ. "ಆ ಕಾಲದ್ದು.
ಈ ಗಾಡ್ಯಾಗ ನೆಲ ಪ್ಲಸ್."
"ಮೊದಲ ಯಾಕ ಹೇಳಲಿಲ್ಲ?"
"ನೀ ಯಾವಾಗ ಕೇಳಿದಿ?"

ಒಂದನೇ ದಿನ ಕ್ಲಾಸಿನಾಗ ಬರಿಸಿದ್ರು: ನೆಲ ಅಂದ್ರ ಮೈನಸ್,
ಎಲ್ಲಾ ಕರೆಂಟು ತಿರುಗಾಡಿ ಕಡೀಕ ಅಲ್ಲಿಗೇ ಬರತದ.
ಇಲ್ಲಿ ಇಷ್ಟು ವರ್ಷ ನೆಲದಿಂದಲೇ ಹೊಂಟಿತ್ತು.
ದೀಪ ಹತ್ತಿತ್ತು, ಹಾರ್ನ್ ಒದರಿತ್ತು,
ಎಷ್ಟು ಮದಿವಿಗೆ ಕುರ್ಚಿ ಹೊತ್ತಿತ್ತೋ,
ಯಾವ ಮಂಡಪನೂ ತಲಿಕೆಳಗ ಆಗಿರಲಿಲ್ಲ.

ಎರಡನೇ ಡಬ್ಬಿಗೆ ಅರ್ಧ ನನ್ನ ಮಜೂರಿ, ಅರ್ಧ ಅವಂದು.
ಪಂಡಿತಪ್ಪಗ ಹೇಳಲಿಲ್ಲ.

ಬ್ಯಾಟರಿ ತಿರುವಿಟ್ಟು, ಮೈನಸ್ ನೆಲಕ್ಕ ಬಿಗಿದು, ಮತ್ತ ಚಾವಿ.
ಪಂಪು ಎರಡು ಸೆಕೆಂಡು ಗುಂಯ್ ಅಂದು ಸುಮ್ಮನಾತು,
ಒಂದೇ ಹೊಡತಕ್ಕ ಚಾಲೂ. ಚೋಕ್ ಇಲ್ಲ, ಊದೂದಿಲ್ಲ.
ಮಿಸ್ತ್ರಿ ಸ್ಕ್ರೂಡ್ರೈವರಿನ ಹಿಡಿಕಿ ಕಿವಿಗಿಟ್ಟ, ತುದಿ ಇಂಜಿನಿಗೆ.
ಬಾಳ ಹೊತ್ತು ಕೇಳಿದ.
ಅರ್ಧ ಸುತ್ತು ತಿರುವಲಾಕ ಒಂದು ಸ್ಕ್ರೂ ಹುಡುಕಿದ.
ಇರಲಿಲ್ಲ.

ಡ್ಯಾಶಿನ ಹಳೇ ಆಂಪ್ ಮೀಟರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ:
ಬ್ಯಾಟರಿ ತುಂಬಿದಂಗೆಲ್ಲ ಅದರ ಮುಳ್ಳು
ಎಡಕ್ಕ, ಖಾಲಿ ಆಗೋ ಕಡಿಗೆ ವಾಲತದ.
ಎರಡು ನಟ್ಟು ಅದಲಬದಲ ಮಾಡಿದ್ರ ಆತು. ಪಾನಾ ತಗೊಂಡೆ.
"ಇರಲಿ ಬಿಡು," ಅಂದ.
ಡ್ರೈವರ್ ರೇವಣಸಿದ್ಧನ್ನ ಕರದು, ಗಾಜು ಅಂಗಿ ತುದಿಲೆ ಒರಸಿ ತೋರಿಸಿದ:
"ನೋಡು, ಎಡಕ್ಕ ಹ್ವಾದ್ರ ತುಂಬಲಾಕತ್ತದ ಅಂತ ತಿಳಕೊ."

ರೇವಣಸಿದ್ಧ ಏನೂ ಕೇಳಿರಲಿಲ್ಲ.