ಪೆನ್ಸಿಲ್ ಪ್ರಿಂಟ್

ಕಾರು ಬಂದದ್ದು ಟೆಂಪೋದ ಮೇಲೆ.
ನಂಬರಿಲ್ಲದ್ದು ರಸ್ತೆಗೆ ಇಳಿಯುವ ಹಾಗಿಲ್ಲ,
ರಸ್ತೆಗೆ ಇಳಿಯಬಹುದಾ ಅಂತ ಕೇಳಲಿಕ್ಕೂ.
ಮಲ್ಪೆಯಿಂದ ಮಣಿಪಾಲದ ಏರು ಹತ್ತುವವರೆಗೂ
ಕಂಬಳಕ್ಕೆ ಹೊರಟ ಕೋಣ ಲಾರಿಯಲ್ಲಿ ನಿಂತ ಹಾಗೆ
ನಿಂತಿತ್ತು, ಹಗ್ಗ ಬಿಗಿಸಿಕೊಂಡು,
ತಾನು ಓಡಲಿಕ್ಕೆ ಹುಟ್ಟಿದ್ದು ಅಂತ ಗೊತ್ತಿದ್ದೂ.
ಬಾಡಿಗೆ ಒಂಬೈನೂರು.

ಗೋಪ ತಿಂಗಳಾಯರು ದೋಣಿ ಮಾಡುವವರು.
ಫೈಬರ್ ದೋಣಿ. ಅಚ್ಚಿಗೆ ಮೇಣ ಬಳಿದು,
ಗಾಜುನೂಲಿನ ಚಾಪೆ ಹಾಸಿ, ರಾಳ ಸುರಿದು, ರೋಲರ್ ಎಳೆದು
ಇನ್ನೂರ ಹನ್ನೊಂದನ್ನು ನೀರಿಗೆ ಬಿಟ್ಟ ಕೈ.
ಮಳೆಗಾಲದಲ್ಲಿ ಕಡಲಿಗೆ ಎರಡು ತಿಂಗಳು ರಜೆ;
ಆ ಎರಡೆರಡು ತಿಂಗಳನ್ನು ಏಳು ವರ್ಷ ಕೂಡಿಸಿ
ಮಾಡಿದ್ದು ಇದು:
ಯಾವುದೋ ಹಳೆ ಕ್ಯಾಲೆಂಡರಿನ ಕಾರಿನ ತದ್ರೂಪು,
ಉದ್ದ ಮೂತಿ, ಎರಡೇ ಸೀಟು,
ಗುಂಡು ದೀಪ ಎರಡು, ಬೂತಾಯಿಯ ಕಣ್ಣಿನ ಹಾಗೆ.
ಇಂಜಿನ್ ಮಾರುತಿ ಎಂಟುನೂರರದ್ದು,
ಸ್ಟೇರಿಂಗ್ ಕಾಪುವಿನ ಗುಜರಿಯದ್ದು,
ರೆಕ್ಸಿನ್ ಹೊಲಿದದ್ದು ಹೆಂಡತಿ ಜಲಜಕ್ಕ.

ನಾನು ಆಫೀಸಿನ ಎದುರು ಫಾರಂ ತುಂಬುವವ.
ಇಪ್ಪತ್ತಾರು ವರ್ಷದಿಂದ ಒಂದೇ ಮೇಜು.
ಹಲಗೆ ಎರಡು ಸಲ, ಕಾಲು ನಾಲ್ಕು ಸಲ ಬದಲಿಸಿದ್ದೇನೆ.
ಮೇಜು ಅದೇ.

ತಯಾರಕರ ಹೆಸರು?
"ಗೋಪ ತಿಂಗಳಾಯ."
ಅದು ನಿಮ್ಮ ಹೆಸರು ಮಾರಾಯ್ರೆ. ಕಂಪೆನಿಯದ್ದು?
"ಮಾಡಿದ್ದು ನಾನೇ ಅಲ್ವಾ?"
ಮಾಡೆಲ್?
ಅವರು ಜಲಜಕ್ಕನ ಮುಖ ನೋಡಿದರು,
ಜಲಜಕ್ಕ ಕಾರಿನ ಮುಖ ನೋಡಿದರು.
ತಯಾರಾದ ತಿಂಗಳು, ವರ್ಷ?
"ಯಾವ ಜೂನ್ ಬರೆಯುವುದು?"

ಇನ್‌ಸ್ಪೆಕ್ಟರು ಗದಗ ಕಡೆಯವರು, ಒಳ್ಳೆಯವರು.
ಗುದ್ದಿ ನೋಡಿದರು, ಬಗ್ಗಿ ನೋಡಿದರು,
ಮೈದಾನದಲ್ಲಿ ಒಂದು ಸುತ್ತು ಓಡಿಸಿದರು.
ಬ್ರೇಕ್ ಸರಿ ಉಂಟಾ ಅಂತ ಇನ್ನೊಂದು ಸುತ್ತು.
ಮೂರನೆಯದಕ್ಕೆ ಕಾರಣ ಹೇಳಲಿಲ್ಲ.
ಇಳಿದು, ಟೋಪಿ ಸರಿಮಾಡಿಕೊಂಡು, ನೆಲ ನೋಡುತ್ತ,
"ಇದು ನನ್ನ ಕೈಲಿ ಆಗೂದಿಲ್ರಿ.
ಪುಣೆಗೆ ಹೋಗಬೇಕು. ಅಲ್ಲಿ ಪರೀಕ್ಷೆ ಅಂತ.
ಒಂದನ್ನ ಗೋಡೆಗೆ ಹಾಯಿಸಿ, ಒಡೆದು ನೋಡತಾರ."
"ಒಡೆದ ಮೇಲೆ?"
"ಪಾಸಾದ್ರ, ಅಂಥಾದ್ದು ಇನ್ನೊಂದು ರಸ್ತೆಗೆ ಬಿಡಬಹುದು."
"ಇರುವುದೇ ಒಂದು ಸಾರ್."
ಯಾರೂ ಮಾತಾಡಲಿಲ್ಲ. ಟೆಂಪೋದವ ಮಾತ್ರ
ವೈಟಿಂಗ್ ಚಾರ್ಜ್ ಅಂದ.

ತಿಂಗಳಾಯರು ಸಿಟ್ಟಾಗಲಿಲ್ಲ. ನನ್ನ ಮೇಜಿಗೆ ಬಂದು
ಬಾಕಿ ಲೆಕ್ಕ ಕೇಳುವವರ ಹಾಗೆ ಮೆಲ್ಲ ಕೇಳಿದರು:
ನಾನು ಮಾಡಿದ ದೋಣಿಯನ್ನು ಇಲಾಖೆಯವರು ಬಂದು
ಉದ್ದ ಅಗಲ ಅಳೀತಾರೆ, ನಂಬರು ಕೊಡ್ತಾರೆ.
ಆರು ಜನ ಅದರಲ್ಲಿ ಕೂತು
ದಡ ಕಾಣದಷ್ಟು ದೂರ ಹೋಗ್ತಾರೆ.
ಇದರಲ್ಲಿ ನಾವಿಬ್ಬರು, ಸಂತೆಕಟ್ಟೆವರೆಗೆ.
ಯಾವುದು ಅಪಾಯ, ಹೇಳಿ?

ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ರಾತ್ರಿ ಹೆದ್ದಾರಿಯಲ್ಲಿ ಎದುರು ಬರುವ ದೀಪದ ಹಿಂದೆ
ಯಾರ ಹಿತ್ತಲಿನ ಬೆಸುಗೆಯೋ ಅಂತ
ಹೆದರುವವ ನಾನೂ ಹೌದು.
ಅದನ್ನು ಹೇಳಲಿಲ್ಲ. ಫೈಲು ಮಾಡುವ ಅಂದೆ,
ಫೈಲಿಗೆ ರಸ್ತೆ ಬೇಡ, ಹೋಗ್ತದೆ.

ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು.
ಬಿಳಿ ಕಾಗದ ಹಿಡಿದು ಟೆಂಪೋ ಹತ್ತಿದೆ,
ಬಾನೆಟ್ ಎತ್ತಿ, ಕಬ್ಬಿಣಕ್ಕೆ ಒತ್ತಿ ಹಿಡಿದು
ಅಭ್ಯಾಸಬಲದಿಂದ ಉಜ್ಜಿದೆ.
ಅಂಕೆ ಇಲ್ಲ, ಗೊತ್ತಿತ್ತು.
ಮೂಡಿದ್ದು ಬೆಸುಗೆಯ ಗಂಟು, ಅರದ ಗೆರೆ,
ಸುತ್ತಿಗೆ ಜಾರಿ ಬಿದ್ದ ಒಂದು ಪೆಟ್ಟು.
"ಅದು ನಾಲ್ಕನೇ ವರ್ಷದ್ದು," ಎಂದರು ತಿಂಗಳಾಯರು,
"ಕರೆಂಟ್ ಹೋಗಿತ್ತು."

ಕತ್ತರಿಸಿ ಫಾರಮ್ಮಿಗೆ ಅಂಟಿಸಿದೆ.
ನಂಬರಿನ ಜಾಗದಲ್ಲಿ ಬರೆದೆ:
ಪ್ರತಿ ಲಗತ್ತಿಸಿದೆ.